ಸಹಿಗೆ ಸಿಕ್ಕ ಮನೆ

ವಿಜಯಪುರದ ಹತ್ತಿರದ ತಿಕೋಟಾದಲ್ಲಿ ಬಾಡಿಗೆ ಮನೆ ಹುಡುಕಿಕೊಂಡು ಹೋದ ನನ್ನನ್ನು ಮನೆಯೊಡತಿ ಶಾಂತಾ ಕಾಕು ಜಾತಿ ಕೇಳಲಿಲ್ಲ, ಮಾಂಸ ತಿನ್ನುತ್ತೀರಾ ಎಂದು ಕೇಳಲಿಲ್ಲ, ಗಂಡ ಯಾಕೆ ಜೊತೆಗಿಲ್ಲ ಎಂದೂ ಕೇಳಲಿಲ್ಲ. ಬಾಗಿಲಲ್ಲೇ ನಿಂತು ಹಾಕಿದ್ದು ಒಂದೇ ಪ್ರಶ್ನೆ.

"ಪಗಾರ ಬ್ಯಾಂಕಿಗೆ ಬರ್ತೈತೇನ್ರಿ? ಸ್ಲಿಪ್ ಕೊಡ್ತಾರೇನು?"

ಪಗಾರ ಎಂದರೆ ಸಂಬಳ. ಇಲ್ಲಿನ ಅನುದಾನಿತ ಪ್ರೌಢಶಾಲೆಗೆ ವಿಜ್ಞಾನದ ಶಿಕ್ಷಕಿಯಾಗಿ ಬಂದಿದ್ದೇನೆ, ಕೊಡ್ತಾರೆ ಎಂದೆ.

"ಹಂಗಾರ ಒಳಗ ಬರ್ರಿ, ಅಕ್ಕೋರ. ಮನಿ ನಿಮ್ಮದ ಅಂತ ತಿಳೀರಿ."

ಈ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ಅಡ್ವಾನ್ಸ್ ಎಷ್ಟು ಎಂದರೆ ಕಾಕು ಕೈ ಬೀಸಿ ನಕ್ಕುಬಿಟ್ಟರು. ನಮ್ಮ ಮಂಡ್ಯದಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಎಣಿಸಿ ಕೊಟ್ಟರೂ ಮನೆ ಮಾಲೀಕರ ಮುಖದ ಗಂಟು ಸಡಿಲವಾಗುವುದಿಲ್ಲ. ಈ ಜನರ ಮನಸ್ಸು ಎಷ್ಟು ದೊಡ್ಡದು ಎಂದು ಅವತ್ತೇ ಗಂಡನಿಗೆ ಫೋನು ಮಾಡಿ ಕೊಂಡಾಡಿದೆ. ಆ ದಡ್ಡತನ ನೆನೆದರೆ ಈಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಾನು ಇಷ್ಟು ದೂರ ಬಂದದ್ದಾದರೂ ಯಾಕೆ? ಮಂಡ್ಯದಲ್ಲಿ ಸಾಲ ಮಾಡಿ ಮನೆ ಕಟ್ಟಿದೆವು. ಗಂಡನ ಸಂಬಳ ಕಂತಿಗೇ ಹೋಗತೊಡಗಿತು. ಸಿಕ್ಕ ಕೆಲಸ ಇಲ್ಲಿ, ಬಂದೆ. ಅಪ್ಪನ ಜೊತೆ ಮಂಡ್ಯದಲ್ಲೇ ಬಿಟ್ಟು ಬಂದ ಮಗಳಿಗೆ ಆಗ ಮೂರು ವರ್ಷ, ಈಗ ಏಳು. ಇಷ್ಟಪಟ್ಟು ಕಟ್ಟಿಸಿದ ಅಡುಗೆಮನೆಯಲ್ಲಿ ನಾನು ಅಡುಗೆ ಮಾಡಿದ್ದು ಬೇಸಿಗೆ ರಜೆಗಳಲ್ಲಿ ಮಾತ್ರ.

ಮೊದಲ ತಿಂಗಳುಗಳಲ್ಲಿ ಮುದ್ದೆಗೆ ಹಾತೊರೆಯುತ್ತಿದ್ದೆ. ಕಾಕು ಖಾನಾವಳಿ ನಡೆಸುತ್ತಾರೆ, ಅಂದರೆ ದುಡ್ಡು ಕೊಟ್ಟು ರೊಟ್ಟಿ ಊಟ ಮಾಡುವ ಮನೆ. ದ್ರಾಕ್ಷಿ ತೋಟದವರು, ಒಣದ್ರಾಕ್ಷಿ ವ್ಯಾಪಾರಿಗಳು, ಬಸ್ ಕಂಡಕ್ಟರುಗಳು ಎಲ್ಲರೂ ಅಲ್ಲೇ ಉಣ್ಣುತ್ತಾರೆ. ಜೋಳದ ರೊಟ್ಟಿಯನ್ನು ಎರಡು ಕೈಯಲ್ಲಿ ಹರಿಯುತ್ತಿದ್ದ ನನ್ನನ್ನು ನೋಡಿ ಕಾಕುವಿನ ಮಗಳು ಸವಿತಾ ಬಿದ್ದು ಬಿದ್ದು ನಗುತ್ತಿದ್ದಳು. ಒಂದೇ ಕೈಯಲ್ಲಿ ಮುರಿಯುವುದನ್ನು ಕಲಿಸಿದವಳೂ ಅವಳೇ. ಹಾಗೆ ಮುರಿದ ದಿನ ಪರೀಕ್ಷೆ ಪಾಸಾದಷ್ಟು ಸಂತೋಷವಾಗಿತ್ತು.

ನಾಲ್ಕನೆಯ ತಿಂಗಳು ಶೇಂಗಾ ಹೋಳಿಗೆಯ ತಟ್ಟೆಯ ಜೊತೆ ಒಂದು ಫಾರಂ ಬಂತು.

"ಒಂದು ಸೈ ಬೇಕಾಗಿತ್ರಿ, ಅಕ್ಕೋರ. ಸವಿತಾಂದು ನರ್ಸಿಂಗ್ ಫೀ ತುಂಬಬೇಕು. ಸಾಲ ತಗೋಳಾಕ ಸೊಸೈಟ್ಯಾಗ ಪಗಾರದವರ ಜಾಮೀನು ಬೇಕಂತಾರ. ನಾ ಏನು ಓಡಿ ಹೋಗಾಕಿ ಅಲ್ರಿ."

ಕಾಕು ಓಡಿ ಹೋಗುವವರಲ್ಲ. ಇವತ್ತಿನವರೆಗೆ ಒಂದು ಕಂತೂ ತಪ್ಪಿಸಿಲ್ಲ. ಆದರೆ ದಿನಕ್ಕೆ ನಲವತ್ತು ಜನರಿಗೆ ಉಣ್ಣಿಸುವ ಆ ಹೆಂಗಸಿನ ದುಡಿಮೆಗೆ ಸ್ಲಿಪ್ ಇಲ್ಲ. ಸ್ಲಿಪ್ ಇಲ್ಲದ ದುಡಿಮೆ ಸಾಲ ಕೊಡುವವರ ಕಣ್ಣಿಗೆ ದುಡಿಮೆಯೇ ಅಲ್ಲ! ಅದಕ್ಕೆಂದೇ ನಾನು. ಸಹಿ ಮಾಡಿದೆ. ಕಂತು ತಪ್ಪಿದರೆ ನನ್ನ ಸಂಬಳದಿಂದ ಹಿಡಿದು ಕಟ್ಟುತ್ತೇವೆ, ಸೊಸೈಟಿ ಒಪ್ಪದೆ ನನ್ನನ್ನು ಬಿಡುವುದಿಲ್ಲ ಎಂದು ಮುಖ್ಯೋಪಾಧ್ಯಾಯರೂ ಪತ್ರ ಬರೆದುಕೊಟ್ಟರು.

ನಮ್ಮ ಶಾಲೆಯಲ್ಲಿ ಯಾರೂ ಯಾರಿಗೂ ಬರೀ ಸ್ನೇಹಿತರಲ್ಲ, ಜಾಮೀನುದಾರರು. ಬಬಲೇಶ್ವರದಿಂದ ಬರುವ ಗಣಿತದ ಮಾಸ್ತರಿಗೂ ಡ್ರಿಲ್ ಮಾಸ್ತರಿಗೂ ಮಾತು ಬಿಟ್ಟು ವರ್ಷಗಳಾಗಿವೆ. ಆದರೂ ಪ್ರತಿ ತಿಂಗಳು ಸಂಬಳದ ದಿನ ಒಟ್ಟಿಗೆ ಕೂತು ಚಹಾ ಕುಡಿಯುತ್ತಾರೆ. ಒಬ್ಬರ ಸಾಲಕ್ಕೆ ಇನ್ನೊಬ್ಬರ ಸಹಿ ಇದೆ. ಕಂತು ಕಟ್ಟಿದ ರಸೀದಿಯನ್ನು ಮೇಜಿನ ಮೇಲೆ ತಳ್ಳಿ, ನೋಡಿ, ಎದ್ದು ಹೋಗುತ್ತಾರೆ. ಇದನ್ನು ನೋಡಿ ನಾನು ಬಹಳ ದಿನ ನಕ್ಕಿದ್ದೆ.

ಈ ವರ್ಷ ಮಂಡ್ಯದಲ್ಲೇ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಶಾಲೆಯಲ್ಲಿ ನನಗೆ ಕೆಲಸವಾಯಿತು. ಕುಣಿದಾಡಿದೆ. ಇಲ್ಲಿಂದ ಬಿಡುಗಡೆ ಪತ್ರ ಕೇಳಿದರೆ ಮುಖ್ಯೋಪಾಧ್ಯಾಯರು ಸೊಸೈಟಿಯ ಪತ್ರ ತನ್ನಿ ಎಂದರು. ವಿಜಯಪುರದ ಬಸ್ಸು ಹತ್ತಿ ಸ್ಟೇಷನ್ ರಸ್ತೆಯ ಸೊಸೈಟಿಗೆ ಹೋದೆ. ಅಲ್ಲಿನ ಕಾರ್ಯದರ್ಶಿ ಕಡತದಿಂದ ತಲೆ ಎತ್ತಲಿಲ್ಲ.

"ಇನ್ನೂ ಎರಡು ವರ್ಷದ ಕಂತು ಅದಾವ್ರಿ. ನಿಮ್ಮ ಜಾಗಾಕ್ಕ ಮತ್ತೊಬ್ಬ ಪಗಾರದವರನ್ನ ತರ್ರಿ, ಬಿಡ್ತೀವಿ."

"ಅಲ್ಲಾ ಸಾರ್, ಕಾಕು ಸರಿಯಾಗಿ ಕಟ್ಟುತ್ತಾ ಇದ್ದಾರಲ್ಲ? ನನ್ನ ಯಾಕೆ ಹಿಡಿದಿಟ್ಟುಕೊಳ್ತೀರಿ?"

"ಕಟ್ಟಾಕತ್ತಾರ. ಕಟ್ಟಲಿಲ್ಲಂದ್ರ?"

ಶಾಲೆಯಲ್ಲಿ ಕೇಳಿದೆ. ಎಲ್ಲರ ಸ್ಲಿಪ್ಪೂ ಆಗಲೇ ಯಾರದೋ ಸಾಲದ ಜಾಮೀನಿಗೆ ಹೋಗಿಯಾಗಿತ್ತು. ಆ ಸಿಟ್ಟನ್ನೆಲ್ಲ ತಂದು ಖಾನಾವಳಿಯಲ್ಲಿ ಊಟದ ಹೊತ್ತಿಗೆ ಕಾಕುವಿನ ಮುಂದೆ ಕಾರಿಬಿಟ್ಟೆ. "ಮಾಡದ ಸಾಲಕ್ಕೆ ನನ್ನ ಮಗಳನ್ನ ಬಿಟ್ಟು ಕೂತಿರಬೇಕಾ?" ಎಂದೆ. ಸವಿತಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ನಿಂತಿತು.

ಅವಳ ನರ್ಸಿಂಗ್ ಡಿಪ್ಲೊಮಾ ಆಗಷ್ಟೇ ಮುಗಿದಿತ್ತು. ಮುಂದೆ ಓದಲು ಬೆಳಗಾವಿಯಲ್ಲಿ ಎರಡು ವರ್ಷದ ಬಿಎಸ್ಸಿ ಸೀಟು, ಅದೂ ಫೀ ಮಾಫಿಯಲ್ಲಿ ಸಿಕ್ಕಿತ್ತು. ಮುಂದೆ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡಬೇಕೆಂದು ಅವಳಿಗೆ ಆಸೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಅವಳ ಅರ್ಜಿ ತುಂಬಿದವಳೇ ನಾನು.

ವಾರ ಕಳೆದ ಮೇಲೆ ಸೊಸೈಟಿಯಿಂದ ಕರೆ ಬಂತು. ಹೋದರೆ ಸವಿತಾ ಆಗಲೇ ಅಲ್ಲಿ ಕೂತಿದ್ದಳು. ಸ್ಟೇಷನ್ ರಸ್ತೆಯ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ, ಅವರಿಂದ ಸಂಬಳದ ಪತ್ರ ತಂದು, ನನ್ನ ಹೆಸರಿನ ಜಾಗದಲ್ಲಿ ಸಹಿ ಮಾಡಿದ್ದಳು.

"ಬೆಳಗಾವಿ ಏನಾಯ್ತೇ?" ಎಂದೆ.

"ಮುಂದಿನ ವರ್ಷ ನೋಡೂಣ್ರಿ."

"ಮುಂದಿನ ವರ್ಷ ಈ ಸೀಟು ಕೊಡ್ತಾರಾ?"

"ಇಲ್ಲರಿ," ಎಂದಳು.

ಕಾರ್ಯದರ್ಶಿ ಪೆನ್ನು ಮುಂದೆ ಹಿಡಿದರು. ನಾನು ಒಂದು ಸಹಿ ಹಾಕಿದರೆ ಬಿಡುಗಡೆ. ಬೇಡ ಎನ್ನಬಹುದಿತ್ತು. ಎರಡು ವರ್ಷ ಇಲ್ಲೇ ಇರುತ್ತೇನೆ, ನೀನು ಹೋಗಿ ಓದು ಎನ್ನಬಹುದಿತ್ತು. ಎರಡು ವರ್ಷದಲ್ಲಿ ನನ್ನ ಮಗಳಿಗೆ ಒಂಬತ್ತಾಗುತ್ತದೆ. ನಾನು ಸಹಿ ಹಾಕಿದೆ. ಹಾಕಿ, ಕಾರ್ಯದರ್ಶಿಯ ಮೇಲೆ ಸುಮ್ಮಸುಮ್ಮನೆ ರೇಗಿದೆ. ಪಾಪ, ಅವರ ಸಂಬಳಕ್ಕೂ ಯಾರೋ ಗಂಟು ಬಿದ್ದಿರುತ್ತಾರೆ.

ತಿಕೋಟಾದ ಬಸ್ಸಿಗೆ ಕಾಯುವಾಗ ಸವಿತಾ ನನ್ನ ಕೈ ಹಿಡಿದುಕೊಂಡಳು. ಅವಳ ಮಾತಿನಲ್ಲಿ ಕೊಂಕು ಎಳ್ಳಷ್ಟೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಅಳಬ್ಯಾಡ್ರಿ, ಅಕ್ಕೋರ. ನಿಮ್ಮ ಮಗಳನ್ನ ಛಲೋ ಓದಸ್ರಿ."

ಬರುವ ಸೋಮವಾರ ಬೆಳಗ್ಗೆ ನಾನು ಮಂಡ್ಯದ ನಮ್ಮ ಮನೆಯಲ್ಲಿ ಮಗಳಿಗೆ ಜಡೆ ಹಾಕುತ್ತಿರುತ್ತೇನೆ. ಅದೇ ಹೊತ್ತಿಗೆ ಸವಿತಾ ಡ್ಯೂಟಿಗೆ ಬಸ್ಸು ಹತ್ತಿರುತ್ತಾಳೆ. ನಾಲ್ಕು ವರ್ಷ ಊರು ಊರು ಎಂದು ಜಪಿಸಿದವಳು, ಊರಿಗೆ ಹೋಗಿಯೂ ತಿಕೋಟಾದ ಕಡೆಗೇ ಕಿವಿ ಇಟ್ಟುಕೊಂಡು ಕೂತಿರುತ್ತೇನೆ.