ಗುಡ್ಡದೂರಿನ ಸಂತೆಯಲ್ಲಿ ನಮ್ಮತ್ತೆ

ಬೆಳಿಗ್ಗೆ ಅಮೆರಿಕದ ನಮ್ಮ ಫ್ರೀಮಾಂಟಿನ ಗ್ರೋಸರಿಯಲ್ಲಿ ಪ್ಲಮ್ ಹಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಗಾಡಿ ತಳ್ಳುತ್ತಿದ್ದವಳು ದಾರಿಯ ನಡುವೆಯೇ ನಿಂತುಬಿಟ್ಟೆ. ಹಿಂದಿದ್ದವರು ಎರಡು ಸಲ ಕೆಮ್ಮಿದರು. ಏನು ಮಾಡಲಿ ಹೇಳಿ, ನಾನಾಗಲೇ ಇಂಗ್ಲೆಂಡಿನ ಗುಡ್ಡದೂರೊಂದರ ಸಂತೆಯಲ್ಲಿದ್ದೆ!

ಹೋದ ವರ್ಷದ ಮಾತು. ನಮ್ಮತ್ತೆ ಧಾರವಾಡದವರು. ಆರು ತಿಂಗಳು ನಮ್ಮಲ್ಲಿದ್ದು, "ಸಾಕವ್ವಾ, ಇನ್ನ ಈ ಕಡೆ ಬರೂದಿಲ್ಲ ನಾ" ಎಂದು ಪೆಟ್ಟಿಗೆ ಕಟ್ಟಿದ್ದರು. ಏನು ಕಡಿಮೆಯಾಯಿತೆಂದು ಕೇಳಿದರೆ ಪೆಟ್ಟಿಗೆಯ ಹಗ್ಗ ಇನ್ನಷ್ಟು ಬಿಗಿದರು. ಕೂತಲ್ಲಿಗೇ ಚಹಾ ಕೊಡುತ್ತಿದ್ದೆ, ಒಂದು ಲೋಟ ತೊಳೆಯಲು ಬಿಟ್ಟವಳಲ್ಲ. ಇಂಥ ಸೊಸೆ ಎಲ್ಲಿ ಸಿಕ್ಕಾಳು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಊರಿಗೆ ಬಿಡಲು ಹೊರಟಾಗ, ದಾರಿಯಲ್ಲಿ ನಾಲ್ಕು ದಿನ ಇಂಗ್ಲೆಂಡ್ ತಿರುಗಿಸಿದರೆ ಮನಸ್ಸು ಬದಲಾದೀತು ಎಂದು ಹಂಚಿಕೆ ಹಾಕಿದೆ.

ಸುತ್ತ ಕುರಿ ಮೇಯುವ ಗುಡ್ಡಗಳು, ಜೇನುಬಣ್ಣದ ಕಲ್ಲಿನ ಮನೆಗಳು, ನಡುವೆ ನೂರಾರು ವರ್ಷದಿಂದ ಸಂತೆ ಕೂಡುವ ಚೌಕ. ನಾನು ಚರ್ಚಿನ ಗೋಪುರ ತೋರಿಸುತ್ತಾ ಗೈಡಿನಂತೆ ಒದರುತ್ತಿದ್ದೆ. ತಿರುಗಿದರೆ ಅತ್ತೆ ಇಲ್ಲ!

ಹುಡುಕಿದರೆ, ಪ್ಲಮ್ ಹಣ್ಣಿನಂಗಡಿಯ ಹಿಂದೆ ಸ್ಟೂಲಿನ ಮೇಲೆ ಸೆರಗು ಸಿಕ್ಕಿಸಿ ಕೂತಿದ್ದಾರೆ. ಅಂಗಡಿಯ ಮುದುಕಿ, ಸ್ವಲ್ಪ ನೋಡಿಕೊಳ್ಳಿ ಎಂದು ಕೈಸನ್ನೆ ಮಾಡಿ ಎತ್ತಲೋ ಹೋಗಿದ್ದಳಂತೆ. ಬಟ್ಟಲಿಗೆ ಇಷ್ಟೆಂದು ಬೆಲೆ ಬರೆದಿತ್ತು. ಅತ್ತೆ ಬಟ್ಟಲನ್ನು ಚೀಲಕ್ಕೆ ಸುರಿಯುವುದು, ಮೇಲೆ ಎರಡು ಹಣ್ಣು ಕೊಸರು ಹಾಕುವುದು! ಕೊಸರಿಲ್ಲದ ವ್ಯಾಪಾರ ಅವರು ಜನ್ಮದಲ್ಲಿ ಕಂಡಿಲ್ಲ. ಗಿರಾಕಿಗಳ ಸಾಲು ಬೆಳೆಯುತ್ತಲೇ ಇತ್ತು.

"ಅತ್ತೀ, ಏಳ್ರಿ! ಹಣ್ಣು ನಮ್ದಲ್ಲ!"

"ಸುಮ್ನಿರ್ ನೀ. ಚೀಲ ಹಿಡಿ."

ಹಿಡಿದೆ. ಮುದುಕಿ ಬಂದು ಬರಿದಾದ ಬುಟ್ಟಿ ನೋಡಿದಳು, ಸಾಲು ನೋಡಿದಳು. ನಾನು ಕ್ಷಮೆ ಕೇಳುವಷ್ಟರಲ್ಲಿ ಗಹಗಹಿಸಿ ನಕ್ಕು, ವ್ಯಾನಿನಿಂದ ಇನ್ನೊಂದು ಬುಟ್ಟಿ ತಂದು ಅತ್ತೆಯ ಮುಂದೆಯೇ ಇಟ್ಟಳು!

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆಯ ಬಾಯಿ ನಿಲ್ಲಲಿಲ್ಲ. ಆರು ತಿಂಗಳಲ್ಲಿ ಅಷ್ಟು ಮಾತು ನಾನು ಕೇಳಿರಲಿಲ್ಲ. ಕೊನೆಗೆ ಅಂದರು: "ಆಕಿಗೆ ನನ್ನ ಹೆಸರ ಸೈತ ಗೊತ್ತಿಲ್ಲ, ಆದ್ರೂ ಕೆಲಸ ಹೇಳಿದ್ಲು ನೋಡು. ನೀ ನನ್ನ ಬೀಗತೀ ಹಂಗ ಕುಂದ್ರಿಸಿದಿ."

ನಾನು ಕಿಟಕಿಯಾಚೆ ಕುರಿ ಎಣಿಸಿದೆ.

ಬರೂದಿಲ್ಲ ಎಂದಿದ್ದ ಅದೇ ಅತ್ತೆಯ ವಿಮಾನ ಇವತ್ತು ಮಧ್ಯಾಹ್ನ ಇಲ್ಲಿ ಇಳಿಯುತ್ತದೆ. ಬೆಳಗಿನಿಂದ ನನ್ನ ಕಾಲು ನೆಲದ ಮೇಲಿಲ್ಲ. ನಾಲ್ಕು ಕಟ್ಟು ಮೆಂತ್ಯದ ಸೊಪ್ಪನ್ನು ಬಿಡಿಸದೆ, ಮಣ್ಣುಸಮೇತ ಊಟದ ಮೇಜಿನ ಮೇಲೆ ಹರವಿದ್ದೇನೆ.

"ಅವ್ವ ಬಂದ ಕೂಡ್ಲೇ ಕೆಲಸಕ್ಕ ಹಚ್ಚತೀಯೇನು?" ಗಂಡ ಕಣ್ಣರಳಿಸಿದರು.

"ಹಚ್ಚತೀನ್ರೀ," ಎಂದು ಕಾರಿನ ಕೀ ಎತ್ತಿಕೊಂಡೆ.