ಬೆಟ್ಟಸ್ವಾಮಿಯವರ ಟವಲಿನೊಳಗೆ ಡೆನ್ಮಾರ್ಕಿನ ಕೈ

ಹುಣಸೂರಿನ ಹಿಂಬೀದಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಬಾವಿಕಟ್ಟೆಯ ಪಕ್ಕದ ಕಲ್ಲಿನ ಮೇಲೆ ಬೆಟ್ಟಸ್ವಾಮಿಯವರು ತಮ್ಮ ಟವಲು ಒಗೆಯುತ್ತಿದ್ದಾರೆ. ಮನೆಯ ಬೇರೆಲ್ಲ ಬಟ್ಟೆ ಹೆಂಡತಿ ಶಿವನಂಜಮ್ಮನವರ ಪಾಲು. ಈ ಕೆಂಪಂಚಿನ ಟವಲನ್ನು ಮಾತ್ರ ಅವರು ಇನ್ನೊಬ್ಬರ ಕೈಗೆ ಕೊಡುವುದಿಲ್ಲ. ಸಾಬೂನು ಹಚ್ಚಿ ಎರಡೇಟು ಹಾಕುವಷ್ಟರಲ್ಲಿ, ಸೈಕಲ್ಲಿನ ಗಂಟೆಯನ್ನು ಬಿಡದೆ ಬಾರಿಸುತ್ತ ತಿಮ್ಮಯ್ಯ ಬಂದಿಳಿಯುತ್ತಾನೆ. ಅವನು ಪ್ರವಾಸಿ ಬಂಗಲೆಯಲ್ಲಿ ನಡೆಯುತ್ತಿರುವ ಶಿಬಿರದ ಗುಮಾಸ್ತ.

“ಬೆಟ್ಟಸ್ವಾಮ್ಯೋರೇ, ಹಸ ಬಂದದೆ!”

“ಬರ್ಲಿ ಬುಡು. ಹುಲಿ ಅಲ್ವಲ್ಲ.”

“ಬಂಗ್ಲೆ ಬಾಗ್ಲಿಗೇ ಬಂದದೆ ಕಣ್ರೀ! ಮಿರ್ಲೆ ಅಂಕಯ್ಯ ಕಂಬಕ್ಕೆ ಕಟ್ಬುಟ್ಟು ನಿಂತವ್ನೆ. ಸಾಹೇಬ್ರು ಬ್ರಷ್ಷ ಬಾಯಲ್ಲೇ ಇಟ್ಕಂಡು ‘ಇದ್ಯಾರ್ದು’ ಅಂದ್ರು. ‘ತಮ್ದೇ ಬುದ್ಧಿ’ ಅಂದ್ಬುಟ್ಟ!”

ಬೆಟ್ಟಸ್ವಾಮಿಯವರು ಟವಲನ್ನು ಅರ್ಧ ಒಗೆದಂತೆಯೇ ಹಿಂಡಿ, ಹೆಗಲಿಗೆ ಹಾಕಿಕೊಂಡು ಹೊರಡುತ್ತಾರೆ. ದಾರಿಯುದ್ದಕ್ಕೂ ನೀರು ತೊಟ್ಟಿಕ್ಕುತ್ತದೆ.

ಹುಣಸೂರಿನ ದನದ ಸಂತೆಗೆ ಹೋದವರೆಲ್ಲ ಈ ಟವಲನ್ನು ನೋಡಿರುತ್ತಾರೆ, ಟವಲಿನವರನ್ನು ನೋಡಿರುವುದಿಲ್ಲ. ಕೊಳ್ಳುವವನೂ ಮಾರುವವನೂ ಎದುರೆದುರು ನಿಲ್ಲುತ್ತಾರೆ. ದಲ್ಲಾಳಿ ಬೆಟ್ಟಸ್ವಾಮಿಯವರು ನಡುವೆ ನಿಂತು, ಟವಲಿನ ಮರೆಯಲ್ಲಿ ಇವನ ಬೆರಳು ಹಿಡಿದು ಒಂದು ದರ ಕೇಳುತ್ತಾರೆ, ಅವನ ಬೆರಳು ಹಿಡಿದು ಇನ್ನೊಂದು ದರ ಹೇಳುತ್ತಾರೆ. ಸುತ್ತ ನಿಂತವರಿಗೆ ಬಟ್ಟೆ ಅಲುಗಾಡಿದ್ದು ಕಾಣುತ್ತದೆಯೇ ಹೊರತು ಬೆಲೆ ಕಾಣುವುದಿಲ್ಲ. ಒಂದೊಂದು ಬೆರಳು ಹಿಡಿಯುವವರೆಗೆ ಚೌಕಾಶಿ. ಇಡೀ ಅಂಗೈಯನ್ನು ಗಟ್ಟಿಯಾಗಿ ಹಿಡಿದರೆ ಒಪ್ಪಿಗೆ. ಆಗ ಅವರು “ಆಯ್ತು!” ಎಂದು ಕೂಗಿ ಟವಲು ಕೊಡವುತ್ತಾರೆ, ಮಾರುವವನು ವೀಳ್ಯದೆಲೆ ಬಾಯಿಗಿಡುತ್ತಾನೆ. ಒಳಗೆ ಏನು ನಡೆಯಿತೆಂದು ಆಮೇಲೆ ಯಾರೂ ಕೇಳುವಂತಿಲ್ಲ.

“ನಂದೇನ್ ಇದ್ಯೆ? ಬೆರಳಲ್ಲೇ ಗೊತ್ತಾಯ್ತದೆ,” ಎನ್ನುತ್ತಾರೆ ಅವರು. “ಕೊಳ್ಳೋನ ಬೆರಳು ಬೆಚ್ಚಗಿರ್ತದೆ. ಸುಮ್ಕೆ ಕೇಳೋನ್ದು ತಣ್ಣಗಿರ್ತದೆ.” ಅಗುಳು ಹಿಸುಕಿ ಅನ್ನ ಬೆಂದಿದೆಯೆಂದು ಹೇಳುವಷ್ಟು ಸಲೀಸಾಗಿ ಹೇಳಿಬಿಡುತ್ತಾರೆ. ಅಪ್ಪನಿಂದ ಬಂದ ಕಸುಬು. ಸಂತೆಯಿಲ್ಲದ ದಿನ ಪಿರಿಯಾಪಟ್ಟಣ, ಸಾಲಿಗ್ರಾಮ, ಕೋಟೆ ಕಡೆಯ ಹಳ್ಳಿಗಳಿಗೆ ನಡೆದೇ ಹೋಗುತ್ತಾರೆ. ಬಿಸಿಲಿಗೆ ತಲೆಗೆ ಸುತ್ತುವುದೂ ಅದೇ ಟವಲು.

ಇಂಥವರಿಗೂ ಪರದೇಶಕ್ಕೂ ನಂಟು ಬೆಳೆದದ್ದು ಈ ಶಿಬಿರದಿಂದ. ನೆರೆಹೊರೆಯ ದೇಶಗಳು ಒಂದಕ್ಕೊಂದು ಏನನ್ನು ಮಾರಬೇಕು, ಎಷ್ಟು ಸುಂಕ ಹಾಕಬೇಕು, ಅದರ ನೀತಿಯನ್ನು ಬರೆಯಬಲ್ಲವರು ಈ ಕಡೆಯೂ ತಯಾರಾಗಲೆಂದು ಹಲವು ದೇಶಗಳು ಕೈಜೋಡಿಸಿ ನಡೆಸುತ್ತಿರುವ ತರಬೇತಿ ಇದು. ಪರದೇಶಕ್ಕೆ ಹೋಗುವ ಹೊಗೆಸೊಪ್ಪಿನ ಊರೆಂದು ಹುಣಸೂರನ್ನು ಆರಿಸಿದ್ದಾರೆ. ಕಲಿಯಲು ಸಿಂಹಳದವರಿಬ್ಬರು, ಬರ್ಮಾದವರೊಬ್ಬರು, ಮೈಸೂರಿನ ಕೆಲವು ಅಧಿಕಾರಿಗಳು. ಕಲಿಸಲು ಡೆನ್ಮಾರ್ಕಿನ ಲಾರ್ಸನ್ ಸಾಹೇಬರು. ಬಂದಾಗಿನಿಂದ ಅವರ ಬೆಳಗಿನ ತಿರುಗಾಟ ಬೆಟ್ಟಸ್ವಾಮಿಯವರ ಬಾವಿಕಟ್ಟೆಯ ಮುಂದೆಯೇ. ದೇಶಗಳ ಬೆಲೆಗೆ ಹೋಗುವ ಮುಂಚೆ ಸಂತೆಯ ಬೆಲೆ ತಿಳಿಯೋಣವೆಂದು ಅವರು ಎಲ್ಲರನ್ನೂ ನಿನ್ನೆ ದನದ ಸಂತೆಗೆ ಕರೆತಂದಿದ್ದರು.

ಪಾಠಕ್ಕೆ ಬೆಟ್ಟಸ್ವಾಮಿಯವರು ಆರಿಸಿದ್ದು ಅಂಕಯ್ಯನ ಕೆಂದ ಹಸುವನ್ನು. ಅದು ಸಂತೆಯಿಂದ ಸಂತೆಗೆ ಬಂದು ಹಾಗೆಯೇ ಮನೆಗೆ ಹೋಗುತ್ತಿದ್ದ ಹಸು. ಹಾಲೇನೋ ಧಾರಾಳ, ಒದೆತ ಅದಕ್ಕಿಂತ ಧಾರಾಳ. “ಇದ್ನ ದಾಟುಸ್ಕೊಡಿ ಸ್ವಾಮಿ,” ಎಂದು ಅಂಕಯ್ಯ ಅವರ ಹಿಂದೆ ಸುತ್ತಿ ಸುತ್ತಿ ಚಪ್ಪಲಿ ಸವೆಸಿದ್ದ. ಸಾಹೇಬರು ಟವಲಿನೊಳಗೆ ಕೈಯಿಟ್ಟರು. ಒಂದು ಬೆರಳು, ಎರಡು ಬೆರಳು, ಮಡಚಿದ ಬೆರಳು. ಮಗುವಿನಂತೆ ನಕ್ಕರು. ಪಾಠ ಮುಗಿಯಿತೆಂದು ಸಂತೋಷದಿಂದ, ತಮ್ಮ ದೇಶದ ಪದ್ಧತಿಯಂತೆ, ಒಳಗೇ ಬೆಟ್ಟಸ್ವಾಮಿಯವರ ಕೈ ಹಿಡಿದು ಜೋರಾಗಿ ಕುಲುಕಿದರು.

“ಆಯ್ತು!” ಎಂದು ಬೆಟ್ಟಸ್ವಾಮಿಯವರು ಟವಲು ಕೊಡವಿದರು. ಅಂಕಯ್ಯ ಎಲೆ ಬಾಯಿಗಿಟ್ಟ. ಸಾಹೇಬರು ಚಪ್ಪಾಳೆ ತಟ್ಟಿ ಜೀಪು ಹತ್ತಿದರು.

ಈಗ ಬಂಗಲೆಯ ಕಂಬದಲ್ಲಿ ಹಸು, ಹಸುವಿನ ಪಕ್ಕದಲ್ಲಿ ಕರು, ಮೆಟ್ಟಿಲ ಮೇಲೆ ಅರ್ಧ ಕ್ಷೌರವಾದ ವೀರಭದ್ರಸ್ವಾಮಿಯವರು. ಶಿಬಿರದ ಮೇಲ್ವಿಚಾರಣೆಗೆಂದು ಮೈಸೂರಿನಿಂದ ಬಂದ ಅಧಿಕಾರಿ ಅವರು.

“ಅಲ್ಲಾ ರೀ, ಅದು ಬರೀ ಪಾಠಕ್ಕೆ ಮಾಡಿದ್ದು. ಹೊಡ್ಕೊಂಡು ಹೋಗಿ ಅಂತ ಇವನಿಗೆ ಹೇಳಿ.”

“ಎಲೆ ನುಂಗಾಯ್ತು ಬುದ್ಧಿ,” ಎನ್ನುತ್ತಾನೆ ಅಂಕಯ್ಯ.

ಬೆಟ್ಟಸ್ವಾಮಿಯವರು ಒದ್ದೆ ಟವಲನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತಾರೆ. “ಸ್ವಾಮಿ, ಇದ್ರೊಳಗೆ ಆದ ಯಾಪಾರ ನಮ್ಮಪ್ಪನ ಕಾಲ್ದಿಂದ್ಲೂ ಮುರಿದಿಲ್ಲ. ಇವತ್ತು ಮುರುದ್ರೆ ಬರೋ ಸಂತೇಲಿ ನಂಗ್ಯಾರು ಬೆರಳು ಕೊಟ್ಟಾರು? ಸಾಹೇಬ್ರು ಒಲ್ಲೆ ಅಂದ್ರೆ ಬಲವಂತ ಇಲ್ಲ. ಹಸನ ನಾನೇ ಇಟ್ಕತೀನಿ, ಅಂಕಯ್ಯಂಗೆ ಮನೆ ಮಾರಿಯಾದ್ರೂ ಕೊಡ್ತೀನಿ.”

ಬೆನ್ನಟ್ಟಿ ಬಂದಿದ್ದ ಶಿವನಂಜಮ್ಮನವರು ಬೇಲಿಯಾಚೆಯಿಂದಲೇ ಹೇಳುತ್ತಾರೆ: “ಇಟ್ಕಳಿ, ಹಾಲೂ ನೀವೇ ಕರ್ಕಳಿ. ಮನೆ ಮಾರುದ್ಮೇಲೆ ಎಲ್ಲಿ ಕಟ್ತೀರೋ ಅದ್ನೂ ಯೋಳ್ಬುಡಿ.”

ಏನು ಗಲಾಟೆಯೆಂದು ಸಾಹೇಬರು ಕೇಳುತ್ತಾರೆ. ವೀರಭದ್ರಸ್ವಾಮಿಯವರು ಇಂಗ್ಲಿಷಿನಲ್ಲಿ ವಿವರಿಸುತ್ತಾರೆ. ಸಾಹೇಬರು ತಮ್ಮ ಬಲಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಳ್ಳುತ್ತಾರೆ. ತಮಗೆ ಹೇಳದೆ ಹಸು ಕೊಂಡ ಕೈ. ಆಮೇಲೆ ನಕ್ಕು ಏನೋ ಹೇಳುತ್ತಾರೆ. ವೀರಭದ್ರಸ್ವಾಮಿಯವರು ಒಲ್ಲದ ಮನಸ್ಸಿನಿಂದ ಅದನ್ನು ಕನ್ನಡಕ್ಕೆ ತರುತ್ತಾರೆ: “ಒಪ್ಪಂದ ಮುರೀಬೇಡಿ ಅಂತ ದೇಶಗಳಿಗೆ ಪಾಠ ಹೇಳೋಕೆ ಬಂದೋನು ನಾನು, ಹಸು ಇಲ್ಲೇ ಇರಲಿ ಅಂತಾರೆ.”

ಸಾಹೇಬರು ಒಳಗಿನಿಂದ ಹಣ ತರಿಸಿ ಕೊಡುತ್ತಾರೆ. ಎಲ್ಲಿ ಮನಸ್ಸು ಬದಲಿಸುತ್ತಾರೋ ಎಂದು ಅಂಕಯ್ಯ ಹಗ್ಗವನ್ನೂ ಬಿಟ್ಟು ಓಟ ಕೀಳುತ್ತಾನೆ.

ಮುಂದಿನ ದಿನಗಳಲ್ಲಿ ಶಿಬಿರದ ಪಾಠವೆಲ್ಲ ಹಸುವಿನ ಸುತ್ತಲೇ. ಹಸು ಡೆನ್ಮಾರ್ಕಿನದು, ಮೇವು ಮೈಸೂರಿನದು, ಹಾಲು ಯಾರದು? ಸಿಂಹಳದವರು ಅಂಗಳ ತಮ್ಮದೆಂದು ಸಾಧಿಸಿ, ಜಗಲಿ ದಾಟುವ ಚೊಂಬಿಗೆ ಸುಂಕ ಕೇಳುತ್ತಾರೆ. ಬರ್ಮಾದವರು ಸುಂಕ ತಪ್ಪಿಸಲು ಕಿಟಕಿಯಿಂದ ಹಾಲು ಸಾಗಿಸುತ್ತಾರೆ. ಅಡಿಗೆಯ ಚಾಮುಂಡಮ್ಮನವರು ಮಾತ್ರ ಯಾವ ದೇಶದ ನೀತಿಗೂ ಬಗ್ಗುವುದಿಲ್ಲ. “ಕಾಪಿ ಬೇಕಾ? ಚೊಂಬು ಈಕಡೆ ತನ್ನಿ,” ಎನ್ನುತ್ತಾರೆ. ಅಲ್ಲಿಗೆ ಒಪ್ಪಂದವಾಗುತ್ತದೆ. ಹಸು ಎಲ್ಲ ದೇಶದವರನ್ನೂ ಭೇದವಿಲ್ಲದೆ ಒದೆಯುತ್ತದೆ.

ಬೆಟ್ಟಸ್ವಾಮಿಯವರ ಮನೆಯ ಜಗಲಿಗೆ ಸಂಜೆ ಹೊತ್ತು ಜನ ಬರುತ್ತಾರೆ. ಮಳೆ ಬೆಳೆ ಮಾತಾಡುತ್ತಾರೆ, ಎಲೆ ಹಾಕುತ್ತಾರೆ, ಬೆಟ್ಟಸ್ವಾಮಿಯವರ ಮುಖ ನೋಡುತ್ತಾರೆ, ಎದ್ದು ಹೋಗುತ್ತಾರೆ. ಎಂಟು ವರ್ಷದ ಮಗಳು ನೀಲಾಂಬಿಕೆ ಏನೋ ಕೇಳಲು ಎರಡು ಸಲ ಬಾಯಿ ತೆರೆದಳು. “ಟವಲ್ಲೊಳಗಿನ ಮಾತ ಕೇಳ್ಬಾರ್ದು,” ಎಂದು ಶಿವನಂಜಮ್ಮನವರು ಎರಡು ಸಲವೂ ಅವಳ ಬಾಯಿಗೆ ಬೆಲ್ಲದ ಚೂರು ಇಟ್ಟರು.

ಶಿಬಿರ ಮುಗಿದ ದಿನ ಸಾಹೇಬರು ಹಸುವನ್ನೂ ಕರುವನ್ನೂ ಚಾಮುಂಡಮ್ಮನವರಿಗೆ ಒಪ್ಪಿಸಿ, ಜೀಪು ಹತ್ತುವ ಮುಂಚೆ ಬೆಟ್ಟಸ್ವಾಮಿಯವರ ಕಡೆ ಕೈ ಚಾಚುತ್ತಾರೆ. ಅವರು ಒಮ್ಮೆ ಸುತ್ತ ಕಣ್ಣಾಡಿಸಿ, ಮಾರುವ ದನ ಯಾವುದೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕೈ ಕೊಡುತ್ತಾರೆ. ಎಲ್ಲರೂ ನಗುತ್ತಾರೆ.

ಬೀಳ್ಕೊಡಲು ಬಂದಿದ್ದ ಹೆಂಡತಿ ಮಗಳೊಂದಿಗೆ ಮನೆಗೆ ಬರುವ ದಾರಿಯಲ್ಲಿ ಅವರ ನಡೆಯಲ್ಲಿ ಸಣ್ಣ ಠೀವಿಯಿದೆ. “ಹೆಸ್ರು ಬ್ಯಾಡ, ಹಾರ ಬ್ಯಾಡ. ಯಾಪಾರ ಮುರೀನಿಲ್ಲ, ಅಷ್ಟು ಸಾಕು ಕಣೇ,” ಎಂದು ಹೆಂಡತಿಗೆ ಹೇಳುತ್ತಾರೆ. ಶಿವನಂಜಮ್ಮನವರು ಹೂಂಗುಟ್ಟುತ್ತಾರೆ. ಇವತ್ತು ಅವರ ಸೆರಗಿನ ಗಂಟಿನಲ್ಲಿ ಬೆಲ್ಲವಿಲ್ಲ.

ಅಪ್ಪನ ಬೆರಳು ಹಿಡಿದು ನಡೆಯುತ್ತಿದ್ದ ನೀಲಾಂಬಿಕೆ ನಡುಬೀದಿಯಲ್ಲಿ ನಿಂತುಬಿಡುತ್ತಾಳೆ.

“ಅಪ್ಪಾ, ಸಾಹೇಬ್ರು ಊರಿಗೆ ಬಂದ ದಿನ್ದಿಂದ್ಲೂ ದಿನಾ ಬೆಳಗ್ಗೆ ನಿನ್ ಕೈಯ ಇಂಗೇ ಕುಲುಕ್ತಿದ್ರಲ್ಲ. ಅದು ಅವ್ರ ನಮಸ್ಕಾರ ಅಂತ ನೀನೇ ನಂಗೆ ಯೋಳ್ಕೊಟ್ಟಿದ್ದೆ. ಅವತ್ತು ಟವಲ್ಲೊಳಗೆ ಮಾತ್ರ ನಿಂಗೆ ಗೊತ್ತಾಗ್ನಿಲ್ವಾ?”