ಕೆಂಪು ದೀಪಕ್ಕೆ ಕಪ್ಪು ಟೇಪು

ಸರ್ವರ್ ಕೋಣೆಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಡಿಸ್ಕಣ್ಣ ಎಂದು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದಿತ್ತು. ಊರವರ ಮಾಹಿತಿಯನ್ನೆಲ್ಲ ತನ್ನ ಕ್ಲೌಡ್‌ನಲ್ಲಿ ಕಾಪಾಡಿಕೊಡುವ ಕಂಪನಿ ಅದು. ಕ್ಲೌಡ್ ಎಂದರೆ ಮೋಡಗೀಡ ಏನಲ್ಲ. ಬೇಸಿಗೆಯಲ್ಲೂ ಸ್ವೆಟರ್ ಬೇಕಾಗುವ, ಕಿಟಕಿಯಿಲ್ಲದ ಕೋಣೆಯೊಂದರ ತುಂಬ ಗುಂಯ್‌ಗುಡುವ ಪೆಟ್ಟಿಗೆಗಳು. ಕೆಟ್ಟ ಡಿಸ್ಕ್ ಕಿತ್ತು ಹೊಸದನ್ನು ತುರುಕುವುದು ಅವನ ಕೆಲಸ. ಕೈ ಚುರುಕು, ಬಾಯಿ ಸತ್ತವನು. ಯಾರು ಏನೇ ಹೇಳಿದರೂ ‘ಆಯ್ತು ಸಾರ್’.

ಮಾಲೀಕನೋ ಮಾತಿನಲ್ಲೇ ಮನೆ ಕಟ್ಟುವ ಆಸಾಮಿ. ಗಿರಾಕಿಗಳನ್ನು ಕರೆತಂದು, ಓಡುತ್ತಿರುವ ಪೆಟ್ಟಿಗೆಯಿಂದ ಒಂದು ಡಿಸ್ಕನ್ನು ಕೈಯಾರೆ ಕಿತ್ತು, “ನೋಡಿ, ಏನಾದ್ರೂ ಹೋಯ್ತಾ?” ಎನ್ನುವನು. ಹೋಗುತ್ತಿರಲಿಲ್ಲ. ಒಂದು ಡಿಸ್ಕ್ ಸತ್ತರೆ ಮಿಕ್ಕವು ಅದರ ಹೊರೆ ಹೊರುತ್ತವೆ. ಒಂದೇ ಪೆಟ್ಟಿಗೆಯಲ್ಲಿ ಒಟ್ಟಿಗೆ ಎರಡು ಹೋದರೆ ಮಾತ್ರ ಎಲ್ಲ ಮಣ್ಣುಪಾಲು. ಬಂದವರ ಕಣ್ಣಿಗೆ ಕೆಂಪು ದೀಪ ಬೀಳಕೂಡದೆಂದು ಅವನ ಕಟ್ಟಪ್ಪಣೆ. ಸತ್ತ ಡಿಸ್ಕಿನ ದೀಪಕ್ಕೆ ಡಿಸ್ಕಣ್ಣ ಕಪ್ಪು ಟೇಪು ಅಂಟಿಸಬೇಕು.

ಒಂದು ಪೆಟ್ಟಿಗೆಯ ತುಂಬ ಕ್ಯಾನ್ಸರ್ ಆಸ್ಪತ್ರೆಯ ಸ್ಕ್ಯಾನ್‌ಗಳಿದ್ದವು. ಅಲ್ಲಿ ಸ್ಕ್ಯಾನ್ ವಿಭಾಗ ನೋಡಿಕೊಳ್ಳುತ್ತಿದ್ದವಳು ಅವನ ಅಕ್ಕ, ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು. “ನಿನ್ ಕಂಪನೀನ ನಂಬಬಹುದೇನೋ?” ಎಂದು ಕೇಳಿದ್ದಳು. “ನಾನಿಲ್ವೇನೆ ಅಕ್ಕ?” ಎಂದಿದ್ದ. ಆ ಒಂದು ಮಾತಿನ ಮೇಲೆ ಅವಳು ದೊಡ್ಡ ಡಾಕ್ಟರನ್ನು ಒಪ್ಪಿಸಿದ್ದಳು. ಬೇರೆ ಊರಲ್ಲಿ ಎಲ್ಲದರ ಇನ್ನೊಂದು ನಕಲು ಇದೆ ಎಂದು ಕಂಪನಿ ಹೇಳಿಕೊಳ್ಳುತ್ತಿತ್ತು. ಖರ್ಚು ಉಳಿಸಲು ಮಾಲೀಕ ಅದನ್ನು ಎಂದೋ ನಿಲ್ಲಿಸಿದ್ದ. ಡಿಸ್ಕಣ್ಣನಿಗೆ ಅದು ಗೊತ್ತಿತ್ತು. ಅಕ್ಕನಿಗೆ ಹೇಳಲು ನಾಲಿಗೆ ಏಳಲಿಲ್ಲ.

ಅವತ್ತು ಬೆಳಿಗ್ಗೆ ಅದೇ ಪೆಟ್ಟಿಗೆಯ ಡಿಸ್ಕೊಂದು ಸತ್ತಿತು. ಹೊಸದು ಬರುವ ಮುಂಚೆ ಗಿರಾಕಿಗಳು ಬಂದರು. ಟೇಪು ಅಂಟಿಸಿದ್ದಾಗಿತ್ತು. ಮಾಲೀಕ ನೇರ ಹೋಗಿ ಅದರ ಮುಂದೆಯೇ ನಿಂತ.

“ಸಾರ್, ಇದು ಬೇಡ, ಪಕ್ಕದ ಪೆಟ್ಟಿಗೆ…”

“ಸುಮ್ನಿರಪ್ಪ. ಇವನಿಗೆ ಡಿಸ್ಕ್ ಅಂದ್ರೆ ಹೆತ್ತ ಮಕ್ಕಳಿದ್ದ ಹಾಗೆ!”

ಎಲ್ಲರೂ ನಕ್ಕರು. ಡಿಸ್ಕಣ್ಣನೂ ಹಲ್ಲುಕಿರಿದ. ಗಟ್ಟಿಯಾಗಿ ಒಂದು ಮಾತು ಆಡಬಹುದಿತ್ತು, ಹೋಗಲಿ, ಅಡ್ಡ ನಿಲ್ಲಬಹುದಿತ್ತು. ಹಲ್ಲುಕಿರಿಯುತ್ತಾ ನಿಂತನಲ್ಲ, ನೆನೆದರೆ ಮೈ ಉರಿಯುತ್ತದೆ. ಮಾಲೀಕ ಚೆನ್ನಾಗಿದ್ದ ಇನ್ನೊಂದು ಡಿಸ್ಕನ್ನೇ ಕಿತ್ತ.

ವಾಪಸ್ ತುರುಕಿದರು, ತಿಳಿದವರನ್ನು ಕರೆಸಿದರು, ಹೆಣಗಿದರು. ಒಂದು ಸ್ಕ್ಯಾನೂ ದಕ್ಕಲಿಲ್ಲ. ‘ತಾಂತ್ರಿಕ ತೊಂದರೆ’ ಎಂದು ಬರೆದು ಕಂಪನಿ ಕೈ ತೊಳೆದುಕೊಂಡಿತು. ಆಸ್ಪತ್ರೆ ಅಕ್ಕನನ್ನು ವಿಭಾಗದಿಂದ ಎತ್ತಿ ಬಂದವರು ವಿಚಾರಿಸುವ ಕೌಂಟರಿಗೆ ಹಾಕಿತು.

ಅವಳು ಫೋನ್ ಎತ್ತುತ್ತಿರಲಿಲ್ಲ. ಕೊನೆಗೆ ಡಿಸ್ಕಣ್ಣ ಕೌಂಟರಿನ ಸಾಲಿನಲ್ಲೇ ನಿಂತ. ಮುಂದಿದ್ದ ಮುದುಕ ಕೇಳುತ್ತಿದ್ದ: “ಹಳೇ ಸ್ಕ್ಯಾನ್ ಇಲ್ದಿದ್ರೆ ಗಡ್ಡೆ ಬೆಳೀತೋ ಕರಗ್ತೋ ಹೇಗೆ ಗೊತ್ತಾಗುತ್ತಮ್ಮ?”

“ಇವತ್ತು ಮತ್ತೆ ತೆಗೀತಾರೆ ಅಜ್ಜ.”

“ಅದು ಇವತ್ತಿನದಾಯ್ತು.”

ಮುದುಕ ಗೋಡೆ ಹಿಡಿದುಕೊಂಡು ಆಚೆ ಹೋದ.

“ಅಕ್ಕ…”

“ಇನ್ನೊಂದು ನಕಲು ಇಲ್ಲ ಅಂತ ಮೊದ್ಲೇ ಗೊತ್ತಿತ್ತಾ ನಿಂಗೆ?”

ಸುಳ್ಳು ಹೇಳಲು ಅವನಿಂದಾಗಲಿಲ್ಲ. “ಹೂಂ.”

ಅಕ್ಕ ಅವನ ಮುಖವನ್ನೇ ನೋಡಿದಳು. ಬೈಯುತ್ತಾಳೆಂದು ಅವನು ಕಾದ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದ.

“ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ,” ಎಂದಳು. “ಹಿಂದೆ ಜನ ಇದ್ದಾರೆ.”